ಹಿಮದ ಮೇಲೆ ದಾರಿ, ಹಳಿಯ ಮುಂದೆ ತಡೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹಳ್ಳಿಗಳಲ್ಲಿ 1920ರ ದಶಕದ ಚಳಿಗಾಲವೆಂದರೆ ಮುಚ್ಚಿದ ದಾರಿ ಮತ್ತು ತೆರೆದ ದಾರಿಗಳ ಕಾಲ. ಡಿಸೆಂಬರ್‌ನಲ್ಲಿ ಹಿಮದಡಿ ಹೂತುಹೋದ ರಸ್ತೆಗಳು ಮತ್ತೆ ಕಣ್ಣಿಗೆ ಬೀಳುತ್ತಿದ್ದುದು ವಸಂತದಲ್ಲಿ. ಮೋಟಾರು ಕಾರು ಇದ್ದವರು ಅದನ್ನು ಮರದ ದಿಮ್ಮಿಗಳ ಮೇಲೆ ಏರಿಸಿಟ್ಟು, ಕುದುರೆ ಎಳೆಯುವ ಜಾರುಬಂಡಿಗೆ ಮರಳುತ್ತಿದ್ದರು. ರೈಲು ಹಳಿ ಮಾತ್ರ ತೆರೆದೇ ಇರುತ್ತಿತ್ತು. ನೇಗಿಲಿನ ಗುಳದಂಥ ಬೃಹತ್ ಫಲಕವನ್ನು ಎಂಜಿನ್ನಿನ ಮುಂದಿಟ್ಟು ಹಿಮವನ್ನು ಸೀಳಿ ಇಕ್ಕೆಲಕ್ಕೆ ತಳ್ಳುವ ಏರ್ಪಾಡನ್ನು ರೈಲು ಕಂಪನಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಾಡಿಕೊಂಡಿದ್ದವು. ನಿಲ್ದಾಣದ ಹತ್ತಿರ ಇದ್ದವನಿಗೆ ಹೊರಜಗತ್ತು ಇತ್ತು. ಹಳಿಯಿಂದ ಹತ್ತಿಪ್ಪತ್ತು ಮೈಲಿ ದೂರ ಇದ್ದವನಿಗೆ ಕುದುರೆಯ ಕಾಲುಗಳಷ್ಟೇ ಗತಿ.

ಈ ಅಂತರವನ್ನು ತುಂಬಲು ಹೊರಟವನು ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ. ಇಂಗ್ಲಿಷ್ ಓದಿನ ಅಭ್ಯಾಸದಿಂದ ನಾವು ಆ ಹೆಸರನ್ನು ಬಂಬಾರ್ಡಿಯರ್ ಎನ್ನುತ್ತೇವೆ. ವಿಮಾನ ಮತ್ತು ರೈಲು ತಯಾರಿಸಿದ ಕಂಪನಿಯ ಹೆಸರಾಗಿ ಅದು ನಮಗೆ ಪರಿಚಿತ. ಆದರೆ ಆ ಹೆಸರಿನ ಮನುಷ್ಯ ವಿಮಾನವನ್ನೂ ಕಟ್ಟಲಿಲ್ಲ, ರೈಲನ್ನೂ ಕಟ್ಟಲಿಲ್ಲ. ಆತ ಹಳ್ಳಿಯ ಗ್ಯಾರೇಜಿನ ಮೆಕ್ಯಾನಿಕ್. ಹಿಮದ ಮೇಲೆ ಓಡುವ ಗಾಡಿಯನ್ನು ಕಟ್ಟಿದ. ಉತ್ತರ ಅಮೆರಿಕದ ಚಳಿಗಾಲದ ಸುದ್ದಿಗಳಲ್ಲಿ, ಹಳಿ ದಾಟುತ್ತಿದ್ದ ಸ್ನೋಮೊಬೈಲ್‌ಗೆ ರೈಲು ಬಡಿದ ವರದಿ ಇಂದಿಗೂ ಆಗಾಗ ಬರುತ್ತದೆ. ಪ್ರಾಣ ಉಳಿಸುವುದಕ್ಕೆಂದು ಹುಟ್ಟಿದ ಯಂತ್ರ ಹೀಗೆ ಪ್ರಾಣ ತೆಗೆಯುವ ಸ್ಥಿತಿಗೆ ಹೇಗೆ ಬಂತು ಎಂಬ ಕುತೂಹಲದಿಂದ ನಾನು ಈ ಮನುಷ್ಯನ ಬದುಕನ್ನು ಓದತೊಡಗಿದೆ. ಕೆನಡಾದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳೂ ಈಗ ಚಳಿಗಾಲದ ರಜೆಯಲ್ಲಿ ಈ ಗಾಡಿಯನ್ನು ಬಾಡಿಗೆಗೆ ಪಡೆದು ಕಾಡುದಾರಿಗೆ ಇಳಿಯುತ್ತಿವೆಯಾದ್ದರಿಂದ, ಇದು ನಮಗೆ ತೀರ ಸಂಬಂಧವಿಲ್ಲದ ವಿಷಯವೂ ಅಲ್ಲ.

ಬೊಂಬಾರ್ಡಿಯೆ ಹುಟ್ಟಿದ್ದು 1907ರ ಏಪ್ರಿಲ್‌ನಲ್ಲಿ, ಕ್ವಿಬೆಕ್‌ನ ದಕ್ಷಿಣ ಭಾಗದ ವಾಲ್ಕೂರ್ ಎಂಬ ಸಣ್ಣ ಊರಿನಲ್ಲಿ. ದೊಡ್ಡ ಕುಟುಂಬದ ಹಿರಿಯ ಮಗ. ಮಗ ಪಾದ್ರಿಯಾಗಲಿ ಎಂಬುದು ಆ ಕಾಲದ ಫ್ರೆಂಚ್ ಕೆನಡಾದ ತಂದೆತಾಯಿಯರ ಸಹಜ ಆಸೆ. ಹದಿನಾಲ್ಕನೆಯ ವಯಸ್ಸಿಗೆ ಹುಡುಗನನ್ನು ಶೆರ್ಬ್ರೂಕ್ ನಗರದ ಸೆಮಿನರಿಗೆ ಸೇರಿಸಲಾಯಿತು. ಆದರೆ ಅವನ ಮನಸ್ಸು ಗಡಿಯಾರದ ಹಲ್ಲುಚಕ್ರಗಳಲ್ಲಿ, ಕೆಟ್ಟುಹೋದ ಎಂಜಿನ್‌ಗಳಲ್ಲಿ ನೆಟ್ಟಿತ್ತು. ಮನೆಯ ಕಾರಿನ ಮೇಲೆ ಪ್ರಯೋಗ ಮಾಡುವುದನ್ನು ತಪ್ಪಿಸಲೆಂದೋ ಏನೋ, ತಂದೆ ಅವನಿಗೆ ಒಂದು ಹಳೆಯ ಫೋರ್ಡ್ ಎಂಜಿನ್ ಕೊಟ್ಟಿದ್ದ.

1922ರ ಡಿಸೆಂಬರ್ 31. ಹದಿನೈದು ವರ್ಷದ ಆರ್ಮಾಂಡ್ ತಮ್ಮ ಲಿಯೊಪಾಲ್ಡ್‌ನ ಜೊತೆಗೂಡಿ ಕಟ್ಟಿದ ವಿಚಿತ್ರ ಬಂಡಿಯೊಂದನ್ನು ಹೊರಗೆ ತಂದ. ಜೋಡಿಸಿದ ಎರಡು ಜಾರುಬಂಡಿಗಳ ಮೇಲೆ ಆ ಫೋರ್ಡ್ ಎಂಜಿನ್. ಅದರ ಹಿಂದೆ ವಿಮಾನಕ್ಕಿರುವಂಥ ತಿರುಗುವ ರೆಕ್ಕೆ. ಗಾಡಿ ಭಾರೀ ಸದ್ದು ಮಾಡುತ್ತ ವಾಲ್ಕೂರಿನ ಬೀದಿಯಲ್ಲಿ ಓಡಿತು. ಓಡಿದ್ದು ನಿಜ, ಆದರೆ ಬಯಲಿನಲ್ಲಿ ಸುತ್ತುತ್ತಿದ್ದ ಆ ರೆಕ್ಕೆ ಯಾರ ಕೈಯನ್ನಾದರೂ ಕತ್ತರಿಸಿ ಹಾಕಬಹುದಾಗಿತ್ತು. ತಂದೆ ಅಂದೇ ಅದನ್ನು ಬಿಚ್ಚಿಹಾಕುವಂತೆ ಆಜ್ಞೆ ಮಾಡಿದ. ಪ್ರತಿಭೆಯನ್ನು ಗುರುತಿಸದ ತಂದೆ ಎಂಬಂತೆ ಈ ಘಟನೆಯನ್ನು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ನೋಮೊಬೈಲ್‌ನ ಇತಿಹಾಸದ ಮೊದಲ ಸುರಕ್ಷತಾ ಆದೇಶವನ್ನು ಹೊರಡಿಸಿದವನು ಆಲ್ಫ್ರೆಡ್ ಬೊಂಬಾರ್ಡಿಯೆ ಎಂಬ ಆ ತಂದೆಯೇ. ಗಾಡಿ ಓಡುತ್ತದೆಯೇ ಎಂದು ಮಗ ನೋಡಿದ. ಪಕ್ಕದಲ್ಲಿ ನಿಂತವರಿಗೆ ಏನಾಗುತ್ತದೆ ಎಂದು ತಂದೆ ನೋಡಿದ.

ಹದಿನೇಳಕ್ಕೆ ಸೆಮಿನರಿಯನ್ನು ಬಿಟ್ಟ ಹುಡುಗ ಮೊದಲು ಪಕ್ಕದ ಊರಿನಲ್ಲಿ, ಆಮೇಲೆ ಮಾಂಟ್ರಿಯಲ್‌ನಲ್ಲಿ ಗ್ಯಾರೇಜ್ ಕೆಲಸ ಕಲಿತ. ಸಂಜೆ ತರಗತಿಗಳಲ್ಲಿ ಯಂತ್ರಶಾಸ್ತ್ರ, ವಿದ್ಯುತ್ತಿನ ಪಾಠ. ತಾಂತ್ರಿಕ ಪತ್ರಿಕೆಗಳೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಆ ಭಾಷೆಯನ್ನೂ ಕಲಿಯಬೇಕಾಯಿತು. ಎಂಜಿನಿಯರಿಂಗ್ ಪದವಿ ಎಂಬುದು ಆತನಿಗೆ ಎಂದೂ ಇರಲಿಲ್ಲ. 1926ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ ಊರಿಗೆ ಮರಳಿ ಸ್ವಂತ ಗ್ಯಾರೇಜ್ ತೆರೆದ. ಬೇಸಿಗೆಯಲ್ಲಿ ಕಾರು, ಟ್ರ್ಯಾಕ್ಟರ್, ಪಂಪುಗಳ ರಿಪೇರಿ. ಚಳಿಗಾಲದಲ್ಲಿ ಕಾರುಗಳೆಲ್ಲ ದಿಮ್ಮಿಯ ಮೇಲೆ ಮಲಗಿರುವಾಗ ಗ್ಯಾರೇಜಿಗೆ ಕೆಲಸವೇ ಇಲ್ಲ. ಆ ಬಿಡುವಿನ ತಿಂಗಳುಗಳೇ ಆತನ ಪ್ರಯೋಗಶಾಲೆಯಾದವು. 1929ರಲ್ಲಿ ಇವೊನ್ ಲಾಬ್ರೆಕ್‌ಳನ್ನು ಮದುವೆಯಾದ.

ಹಿಮದ ಮೇಲೆ ಗಾಡಿ ಓಡಿಸುವುದರ ಕಷ್ಟ ಏನೆಂದು ನಮ್ಮಂಥ ಬಿಸಿಲು ನಾಡಿನವರಿಗೆ ಸ್ವಲ್ಪ ವಿವರಿಸಬೇಕು. ಹೊಸದಾಗಿ ಬಿದ್ದ ಹಿಮ ಹತ್ತಿಯ ರಾಶಿಯಂತೆ. ಚಕ್ರ ಇಟ್ಟರೆ ಹೂತುಹೋಗುತ್ತದೆ. ಗದ್ದೆಯ ಕೆಸರಿನಲ್ಲಿ ಲಾರಿ ಸಿಕ್ಕಿಹಾಕಿಕೊಂಡಂತೆ ಗಾಲಿ ಸುತ್ತುತ್ತದೆ, ಗಾಡಿ ಕದಲುವುದಿಲ್ಲ. ಭಾರವನ್ನು ವಿಶಾಲವಾದ ಪಟ್ಟಿಯ ಮೇಲೆ ಹರಡಿದರೆ ಮಾತ್ರ ತೇಲಿದಂತೆ ಹೋಗಬಹುದು. ಪಟ್ಟಿಯ ಮೇಲೆ ಓಡುವ ಗಾಡಿಗಳು ಆಗಲೇ ಇದ್ದವು. ರಷ್ಯಾದ ಚಕ್ರವರ್ತಿಯ ಕಾರುಗಳಿಗೆ ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ತಂತ್ರಜ್ಞ ರಬ್ಬರ್ ಪಟ್ಟಿ ಜೋಡಿಸಿದ್ದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಎಲಿಯಾಸನ್ 1920ರ ದಶಕದಲ್ಲೇ ಎಂಜಿನ್ ಕೂಡಿಸಿದ ಜಾರುಬಂಡಿಗೆ ಪೇಟೆಂಟ್ ಪಡೆದಿದ್ದ. ಸ್ನೋಮೊಬೈಲ್‌ಗೆ ಒಬ್ಬನೇ ಜನಕ ಎಂದು ಹೇಳುವುದು ಆದ್ದರಿಂದ ಸರಿಯಲ್ಲ. ಆದರೆ ಪಟ್ಟಿ ಮತ್ತು ಅದನ್ನು ಎಳೆಯುವ ಚಕ್ರದ ನಡುವೆ ಹಿಮ ಸೇರಿ ಗಟ್ಟಿಯಾಗುವುದು, ಪಟ್ಟಿ ಜಾರುವುದು, ಹರಿಯುವುದು ಮುಂತಾದ ತೊಂದರೆಗಳು ಬಗೆಹರಿದಿರಲಿಲ್ಲ. ಬೊಂಬಾರ್ಡಿಯೆ ವರ್ಷಗಟ್ಟಲೆ ಹೆಣಗಿದ್ದು ಇದರೊಂದಿಗೆ.

1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಿಗೆ ಹೊಟ್ಟೆನೋವು ಬಂತು. ಮಗುವಿನ ಹೆಸರು ಇವೋಂ. ತಾಯಿಯ ಹೆಸರಿನದೇ ಗಂಡುರೂಪ. ಅಪೆಂಡಿಕ್ಸ್‌ನಿಂದ ಹೊಟ್ಟೆಯೊಳಗೆ ನಂಜು ಹರಡಿತ್ತು. ಶಸ್ತ್ರಚಿಕಿತ್ಸೆಗೆ ಶೆರ್ಬ್ರೂಕ್‌ನ ಆಸ್ಪತ್ರೆಗೇ ಹೋಗಬೇಕು. ದೂರ ಸುಮಾರು 50 ಕಿಲೋಮೀಟರ್. ರಸ್ತೆ ಹಿಮದಲ್ಲಿ ಮುಚ್ಚಿತ್ತು. ಹಿಮದ ಮೇಲೆ ಓಡುವ ಗಾಡಿಯನ್ನು ಕಟ್ಟಲು ಹನ್ನೊಂದು ವರ್ಷಗಳಿಂದ ಶ್ರಮಿಸುತ್ತಿದ್ದ ತಂದೆಯ ಗ್ಯಾರೇಜಿನಲ್ಲಿ ಆ ಹೊತ್ತಿಗೆ ಓಡುವ ಸ್ಥಿತಿಯಲ್ಲಿದ್ದ ಒಂದು ಗಾಡಿಯೂ ಇರಲಿಲ್ಲ. ಮಗು ಉಳಿಯಲಿಲ್ಲ.

ಈ ದುಃಖದಿಂದಲೇ ಸ್ನೋಮೊಬೈಲ್ ಹುಟ್ಟಿತು ಎಂದು ಜನಪ್ರಿಯ ಕಥನಗಳು ಹೇಳುತ್ತವೆ. ಕಾಲಾನುಕ್ರಮ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಪ್ರಯತ್ನ ಮಗುವಿಗಿಂತ ಹಳೆಯದು. ಆದರೆ ಅದರ ಗುರಿ ಏನೆಂಬುದು ಆ ಚಳಿಗಾಲದ ನಂತರ ನಿಸ್ಸಂದೇಹವಾಯಿತು ಎಂದು ನಾನು ಭಾವಿಸುತ್ತೇನೆ. ಅದು ವೇಗದ ಗಾಡಿಯಾಗಬೇಕಿರಲಿಲ್ಲ, ನಂಬಿಕೆಯ ಗಾಡಿಯಾಗಬೇಕಿತ್ತು. ಡಾಕ್ಟರನ್ನು ಕರೆತರುವ, ರೋಗಿಯನ್ನು ಕರೆದೊಯ್ಯುವ, ನಡುದಾರಿಯಲ್ಲಿ ಕೈಕೊಡದ ಗಾಡಿ. ಮರುವರ್ಷವೇ, 1935ರಲ್ಲಿ, ಆತನಿಗೆ ಉತ್ತರ ಸಿಕ್ಕಿತು. ಮರದಲ್ಲಿ ಮಾಡಿ ರಬ್ಬರ್ ಹೊದಿಸಿದ ಹಲ್ಲುಚಕ್ರ. ಅದು ರಬ್ಬರ್ ಮತ್ತು ಹತ್ತಿಬಟ್ಟೆಯ ಪಟ್ಟಿಯನ್ನು ಎಳೆಯುತ್ತದೆ. ರಬ್ಬರಿಗೆ ಹಿಮ ಅಂಟುವುದು ಕಡಿಮೆ. 1937ರಲ್ಲಿ ಪೇಟೆಂಟ್ ದೊರೆಯಿತು. ಏಳು ಜನ ಕೂರಬಹುದಾದ ಮುಚ್ಚಿದ ಗಾಡಿಗೆ ಬಿ7 ಎಂಬ ಹೆಸರು: ಬೊಂಬಾರ್ಡಿಯೆಯ ಮೊದಲಕ್ಷರ, ಪ್ರಯಾಣಿಕರ ಸಂಖ್ಯೆ, ಅಷ್ಟೇ. ಕೊಂಡವರು ಯಾರೆಂದು ನೋಡಿದರೆ ಆ ಕಾಲದ ಗ್ರಾಮೀಣ ಕ್ವಿಬೆಕ್‌ನ ಅಗತ್ಯಗಳೆಲ್ಲ ತಿಳಿಯುತ್ತವೆ. ಹಳ್ಳಿಯ ಡಾಕ್ಟರರು, ಪಶುವೈದ್ಯರು, ಪಾದ್ರಿಗಳು, ಅಂಚೆ ಸಾಗಿಸುವವರು, ಹೋಟೆಲ್ ಮಾಲೀಕರು.

ಮುಂದಿನ ಮಾದರಿ ಬಿ12. ಹನ್ನೆರಡು ಜನರ ಗಾಡಿ. ಪ್ಲೈವುಡ್ ಮೈ, ಹಡಗಿನ ಕಿಟಕಿಗಳಂತೆ ದುಂಡನೆಯ ಗಾಜುಗಳು. 1942ರಲ್ಲಿ ಕಂಪನಿ ವಿಧಿವತ್ತಾಗಿ ನೋಂದಣಿಯಾಯಿತು. ಯುದ್ಧಕಾಲದಲ್ಲಿ ಕಾರ್ಖಾನೆ ಸೇನೆಗಾಗಿ ಹಿಮವಾಹನಗಳನ್ನು ತಯಾರಿಸಿತು; ಆ ಅಧ್ಯಾಯ ಇಲ್ಲಿ ಬೇಡ. ಯುದ್ಧ ಮುಗಿದ ಮೇಲೆ ಶಾಲಾ ಮಕ್ಕಳಿಗಾಗಿ ದೊಡ್ಡ ಗಾಡಿಗಳೂ ಬಂದವು. ಹೆಪ್ಪುಗಟ್ಟಿದ ವಿನಿಪೆಗ್ ಸರೋವರದ ಮೀನುಗಾರರಂತೂ ಬಿ12 ಗಾಡಿಗಳನ್ನು ದಶಕಗಳ ಕಾಲ ದುರಸ್ತಿ ಮಾಡಿಸಿಕೊಂಡು ಓಡಿಸಿದರು.

ಇನ್ನು 1948ರ ಸಂಗತಿ. ಅರ್ಥಶಾಸ್ತ್ರ ಓದಿ ಆಡಳಿತದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನನಗೆ ಈ ಬದುಕಿನಲ್ಲಿ ಅತ್ಯಂತ ಅರ್ಥಪೂರ್ಣವಾಗಿ ಕಾಣುವ ಘಟನೆ ಇದು. ಚಳಿಗಾಲದಲ್ಲಿ ಗ್ರಾಮೀಣ ರಸ್ತೆಗಳ ಹಿಮ ತೆಗೆಯುವ ಹೊಣೆಯನ್ನು ಕ್ವಿಬೆಕ್ ಸರ್ಕಾರ ವಹಿಸಿಕೊಂಡಿತು. ರಸ್ತೆ ತೆರೆದೊಡನೆ ಕಾರುಗಳು ದಿಮ್ಮಿಯಿಂದ ಇಳಿದವು, ಬೊಂಬಾರ್ಡಿಯೆಯ ಗಾಡಿಗಳ ಮಾರಾಟ ಥಟ್ಟನೆ ಕುಸಿಯಿತು. ಮಗನನ್ನು ಕಳೆದುಕೊಂಡ ತಂದೆ ಹದಿನಾಲ್ಕು ವರ್ಷ ದುಡಿದು ಕಟ್ಟಿದ್ದ ವ್ಯಾಪಾರಕ್ಕೆ ಪೆಟ್ಟು ಕೊಟ್ಟದ್ದು, ಆ ಮಗನನ್ನು ಉಳಿಸಬಹುದಾಗಿದ್ದ ಸಾರ್ವಜನಿಕ ಸೇವೆ! ಗಾಡಿಯೊಂದು ಏಳೋ ಹನ್ನೆರಡೋ ಮಂದಿಯನ್ನು ಒಯ್ಯುತ್ತದೆ, ಅದೂ ಕೊಳ್ಳಬಲ್ಲವರನ್ನು. ತೆರೆದ ರಸ್ತೆ ಎಲ್ಲರನ್ನೂ ಒಯ್ಯುತ್ತದೆ. ಖಾಸಗಿ ಜಾಣ್ಮೆ ಹಲವು ವೇಳೆ ಸರ್ಕಾರದ ಗೈರುಹಾಜರಿಯನ್ನು ತುಂಬುತ್ತದೆ. ಸರ್ಕಾರ ಬಂದ ದಿನ ಅದು ಬೇರೆ ಕೆಲಸ ಹುಡುಕಿಕೊಳ್ಳಬೇಕು. ಬೊಂಬಾರ್ಡಿಯೆ ಹುಡುಕಿಕೊಂಡ. ರಸ್ತೆಯೇ ಇಲ್ಲದ ಕಡೆಗೆ, ಮರ ಕಡಿಯುವ ಕಾಡುಗಳಿಗೆ, ಗಣಿಗಳಿಗೆ, ತೈಲ ಶೋಧನೆಯ ಜೌಗುಭೂಮಿಗೆ ಪಟ್ಟಿಯ ಮೇಲೆ ಓಡುವ ಟ್ರ್ಯಾಕ್ಟರುಗಳನ್ನು ತಯಾರಿಸಿದ. 1953ರಲ್ಲಿ ಬಂದ ಮಸ್ಕೆಗ್ ಎಂಬ ಟ್ರ್ಯಾಕ್ಟರ್ ಕಂಪನಿಯನ್ನು ಎತ್ತಿ ನಿಲ್ಲಿಸಿತು. ಒಟ್ಟು ಸುಮಾರು 40 ಪೇಟೆಂಟುಗಳು ಆತನ ಹೆಸರಿನಲ್ಲಿವೆ.

ಒಬ್ಬಿಬ್ಬರು ಕೂರುವ ಹಗುರ ಗಾಡಿಯ ಹಳೆಯ ಆಸೆ ಮಾತ್ರ ಉಳಿದಿತ್ತು. ಅದಕ್ಕೆ ಹಗುರವಾದ ಎಂಜಿನ್ ಬೇಕು, ಜೋಡಣೆಯಿಲ್ಲದ ಅಖಂಡ ರಬ್ಬರ್ ಪಟ್ಟಿ ಬೇಕು. 1950ರ ದಶಕದ ಕೊನೆಗೆ ಎರಡೂ ಒದಗಿಬಂದವು. 1959ರಲ್ಲಿ ಸ್ಕೀ-ಡೂ ಸಿದ್ಧವಾಯಿತು. ಉತ್ತರ ಒಂಟಾರಿಯೊದ ಲ್ಯಾನ್ಸ್‌ಡೌನ್ ಹೌಸ್ ಎಂಬ ಮೂಲನಿವಾಸಿಗಳ ನೆಲೆಯಲ್ಲಿ ಆತನ ಮಿತ್ರರೊಬ್ಬರು, ಪಾದ್ರಿ ಮೊರಿಸ್ ವಿಮೆ, ಸೇವೆ ಮಾಡುತ್ತಿದ್ದರು. ನಾಯಿಗಳು ಎಳೆಯುವ ಬಂಡಿಯೇ ಅಲ್ಲಿನ ವಾಹನ. ಮೊದಲ ಗಾಡಿಗಳಲ್ಲಿ ಒಂದನ್ನು ಬೊಂಬಾರ್ಡಿಯೆ ಅಲ್ಲಿಗೇ ಒಯ್ದು ಪರೀಕ್ಷಿಸಿ ಪಾದ್ರಿಗೆ ಬಿಟ್ಟುಬಂದ. ಬೇಟೆಗಾರರು, ಬಲೆ ಹಾಕಿ ತುಪ್ಪುಳದ ಪ್ರಾಣಿಗಳನ್ನು ಹಿಡಿಯುವವರು, ಪಾದ್ರಿಗಳು, ಭೂಮಾಪಕರು ಇದನ್ನು ಬಳಸುತ್ತಾರೆ ಎಂಬುದು ಲೆಕ್ಕಾಚಾರ. ಮೊದಲ ಚಳಿಗಾಲದಲ್ಲಿ ಮಾರಾಟವಾದದ್ದು 225. ನಾಲ್ಕೈದು ವರ್ಷಗಳಲ್ಲಿ ವರ್ಷದ ಮಾರಾಟ 8,000 ದಾಟಿತು. ಕೊಂಡವರಲ್ಲಿ ಪಾದ್ರಿಗಳಿಗಿಂತ ವಾರಾಂತ್ಯದ ಮೋಜಿನ ಜನ ಹೆಚ್ಚಾಗತೊಡಗಿದ್ದರು.

1964ರ ಫೆಬ್ರವರಿ 18ರಂದು, 56ನೆಯ ವಯಸ್ಸಿನಲ್ಲಿ, ಬೊಂಬಾರ್ಡಿಯೆ ಕ್ಯಾನ್ಸರ್‌ನಿಂದ ತೀರಿಕೊಂಡ. ತನ್ನ ಗಾಡಿ ಏನಾಗಲಿದೆ ಎಂಬುದರ ಆರಂಭವನ್ನಷ್ಟೇ ಆತ ಕಂಡಿದ್ದ. 1970ರ ದಶಕದ ಆರಂಭಕ್ಕೆ ಉತ್ತರ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳು ಸ್ನೋಮೊಬೈಲ್ ತಯಾರಿಸುತ್ತಿದ್ದವು. ಮೊದಲ ಸ್ಕೀ-ಡೂ ಗಂಟೆಗೆ ಸುಮಾರು 40 ಕಿಲೋಮೀಟರ್ ಓಡುತ್ತಿತ್ತು. ಇಂದಿನ ಗಾಡಿಗಳಲ್ಲಿ ಗಂಟೆಗೆ 150 ಕಿಲೋಮೀಟರ್ ಮೀರಬಲ್ಲವು ಇವೆ. 1973ರ ತೈಲ ಬಿಕ್ಕಟ್ಟಿನಲ್ಲಿ ಮೋಜಿನ ಗಾಡಿಗಳ ಮಾರುಕಟ್ಟೆ ಕುಸಿದಾಗ, ಅಳಿಯ ಲೊರಾಂ ಬೊದ್ವಾಂ ನೇತೃತ್ವದ ಕಂಪನಿ ಬದುಕಿಗಾಗಿ ಹೊರಳಿದ್ದು ಹಳಿಯ ಕಡೆಗೆ. 1974ರಲ್ಲಿ ಮಾಂಟ್ರಿಯಲ್ ಮೆಟ್ರೊಗೆ 423 ಬೋಗಿಗಳನ್ನು ಪೂರೈಸುವ ಗುತ್ತಿಗೆ ದೊರೆಯಿತು. ಅವುಗಳನ್ನು ಕಟ್ಟಿದ್ದು ಲಾ ಪೊಕಾಟಿಯೇರ್ ಎಂಬಲ್ಲಿದ್ದ ಹಳೆಯ ಸ್ನೋಮೊಬೈಲ್ ಕಾರ್ಖಾನೆಯಲ್ಲಿ. ದೆಹಲಿ ಮೆಟ್ರೊ 2007ರಲ್ಲಿ ಬೋಗಿಗಳ ದೊಡ್ಡ ಗುತ್ತಿಗೆ ಕೊಟ್ಟದ್ದು ಇದೇ ಕಂಪನಿಗೆ; ಅದಕ್ಕಾಗಿ ಗುಜರಾತಿನ ಸಾವ್ಲಿಯಲ್ಲಿ ಕಾರ್ಖಾನೆ ಎದ್ದಿತು. ರೈಲು ವಿಭಾಗ 2021ರಲ್ಲಿ ಫ್ರಾನ್ಸಿನ ಆಲ್‌ಸ್ಟಾಮ್ ಪಾಲಾಯಿತು. ಸ್ನೋಮೊಬೈಲ್ ವಿಭಾಗ 2003ರಲ್ಲೇ ಬೇರೆ ಕಂಪನಿಯಾಗಿ ಹೋಗಿತ್ತು. ವಾಲ್ಕೂರಿನಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯವಿದೆ.

ಗಾಡಿ ಮತ್ತು ಹಳಿಯ ಸಂಬಂಧ ಕಾರ್ಖಾನೆಯಲ್ಲಿ ಹೀಗೆ ಸುಖವಾಗಿತ್ತು. ಹೊರಗೆ, ಹಿಮದ ಬಯಲಿನಲ್ಲಿ, ಹಾಗಿರಲಿಲ್ಲ.

ಮೋಜಿಗೆಂದು ಗಾಡಿ ಹತ್ತಿದವನಿಗೆ ನೇರವಾದ, ಸಮತಟ್ಟಾದ, ಮರಗಿಡಗಳಿಲ್ಲದ ದಾರಿ ಬೇಕು. ಕಾಡಿನಲ್ಲಿ ಅಂಥ ದಾರಿ ಯಾವುದು? ರೈಲು ಹಳಿ. ಬೊಂಬಾರ್ಡಿಯೆಯ ಬಾಲ್ಯದಲ್ಲಿ ಚಳಿಗಾಲದ ಏಕೈಕ ತೆರೆದ ದಾರಿಯಾಗಿದ್ದ ಅದೇ ಹಳಿ ಈಗ ಸವಾರನನ್ನು ಕರೆಯತೊಡಗಿತು. ಹಳಿಗಳ ನಡುವಿನ ಅಗಲ 1,435 ಮಿಲಿಮೀಟರ್. ಸ್ನೋಮೊಬೈಲ್ ಅದರೊಳಗೆ ಸರಿಯಾಗಿ ಕೂರುತ್ತದೆ. ಕೂರುವುದು ಸುಲಭ, ಹೊರಬರುವುದಲ್ಲ. ಇಕ್ಕೆಲದಲ್ಲಿ ಉಕ್ಕಿನ ಹಳಿ, ಅದರಾಚೆ ನೇಗಿಲು-ಎಂಜಿನ್ ತಳ್ಳಿ ಕಟ್ಟಿದ ಹಿಮದ ಗೋಡೆ. ಹಿಂದಿನಿಂದ ರೈಲು ಬಂದರೆ ಪಕ್ಕಕ್ಕೆ ಹೊರಳಲು ಜಾಗವಿಲ್ಲ. ಹಳಿಯ ಪಕ್ಕದ ಅಂಚಿನಲ್ಲಿ ಓಡಿಸುತ್ತೇನೆಂದರೂ ಉಳಿವಿಲ್ಲ. ರೈಲಿನ ಮೈ ಹಳಿಯಿಂದ ಆಚೆಗೆ ಮೂರು ಅಡಿಯಷ್ಟಾದರೂ ಚಾಚಿಕೊಂಡಿರುತ್ತದೆ. ಬಳಕೆಯಲ್ಲಿರುವ ಹಳಿಯ ಮೇಲಾಗಲಿ ಅದರ ಪಕ್ಕದ ರೈಲ್ವೆ ಜಾಗದಲ್ಲಾಗಲಿ ಗಾಡಿ ಓಡಿಸುವುದು ಕೆನಡಾದ ರೈಲ್ವೆ ಸುರಕ್ಷತಾ ಕಾಯ್ದೆಯ ಪ್ರಕಾರ ಅತಿಕ್ರಮಣ, ದಂಡಾರ್ಹ ಅಪರಾಧ. ರೈಲು ನಿಂತುಹೋದ ಹಳೆಯ ಮಾರ್ಗಗಳ ಮಾತು ಬೇರೆ. ಕ್ವಿಬೆಕ್‌ನ ಲೊರೆನ್ಷಿಯನ್ ಬೆಟ್ಟಗಳಲ್ಲಿ ಹಳಿ ಕಿತ್ತ ಮಾರ್ಗವನ್ನು 1990ರ ದಶಕದಲ್ಲಿ ಉದ್ಯಾನಪಥ ಮಾಡಿ ಸ್ನೋಮೊಬೈಲ್‌ಗಳಿಗೂ ಬಿಟ್ಟರು. ಅಲ್ಲಿ ಎದ್ದದ್ದು ಶಬ್ದದ ತಕರಾರು. 2004ರಲ್ಲಿ ನ್ಯಾಯಾಲಯ ದಾರಿಬದಿಯ ನಿವಾಸಿಗಳ ಪರ ತೀರ್ಪಿತ್ತಿತು. 1922ರಲ್ಲಿ ವಾಲ್ಕೂರಿನ ಬೀದಿಯಲ್ಲಿ ಮೊಳಗಿದ ಸದ್ದು ಇನ್ನೂ ನಿಂತಿರಲಿಲ್ಲ.

ಶಬ್ದವೇ ಈ ಗಾಡಿಯ ಸವಾರನ ದೊಡ್ಡ ಶತ್ರು. ಹಳಿ ದಾಟುವ ಜಾಗಕ್ಕೆ ಬಂದ ಸವಾರನ ಸ್ಥಿತಿಯನ್ನು ಕಲ್ಪಿಸಿಕೊಳ್ಳಿ. ತಲೆಗೆ ಪೂರ್ತಿ ಮುಚ್ಚಿದ ಹೆಲ್ಮೆಟ್, ಅದರೊಳಗೆ ಉಣ್ಣೆಯ ಟೋಪಿ, ತೊಡೆಗಳ ನಡುವೆ ಗರ್ಜಿಸುವ ಎಂಜಿನ್. ಹೊಸ ಹಿಮ ಶಬ್ದವನ್ನು ಹೀರಿಕೊಳ್ಳುತ್ತದೆ; ಬೇಸಿಗೆಯಲ್ಲಿ ದೂರದಿಂದ ಕೇಳುವ ರೈಲು ಚಳಿಗಾಲದಲ್ಲಿ ಹತ್ತಿರ ಬಂದರೂ ಕೇಳದು. ಸಾರ್ವಜನಿಕ ಕ್ರಾಸಿಂಗ್‌ಗೆ ಕಾಲು ಮೈಲಿ ಮೊದಲೇ ಸೀಟಿ ಊದಬೇಕೆಂಬುದು ಅಲ್ಲಿನ ಚಾಲಕರಿಗಿರುವ ನಿಯಮ. ಆದರೆ ಸೀಟಿಯನ್ನು ನಿಷೇಧಿಸಿಕೊಂಡ ಊರುಗಳೂ ಇವೆ. ಸೀಟಿ ಊದಿದರೂ ಹೆಲ್ಮೆಟ್ಟಿನ ಒಳಗಿನ ಕಿವಿಗೆ ತಲುಪಬೇಕಲ್ಲ! ಕಣ್ಣಿನ ಪಾಡೂ ಅಷ್ಟೆ. ಹಿಮದ ಗೋಡೆ ಹಳಿಯನ್ನು ಮರೆಮಾಡಿರುತ್ತದೆ. ಹೆಲ್ಮೆಟ್ಟಿನ ಗಾಜಿನ ಒಳಗೆ ಉಸಿರಿನ ಮಂಜು. ರಾತ್ರಿಯಾದರೆ ತನ್ನ ದೀಪ ಬೆಳಗುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗ.

ಎದುರು ಬರುವ ರೈಲಿನ ಕಡೆಯಿಂದ ನೋಡೋಣ. ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಬರುವ ಸರಕು ರೈಲು, ಚಾಲಕ ತುರ್ತು ಬ್ರೇಕ್ ಹಾಕಿದ ಮೇಲೂ ನಿಲ್ಲಲು ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ತೆಗೆದುಕೊಳ್ಳಬಹುದು. ಅಂದರೆ ಹಳಿಯ ಮೇಲೆ ಗಾಡಿ ಕಂಡಾಗ ಚಾಲಕ ಮಾಡಬಹುದಾದದ್ದು ಸೀಟಿ ಊದಿ ನೋಡುತ್ತ ಕೂರುವುದು ಮಾತ್ರ. ಇಡೀ ಹೊಣೆ ಸವಾರನ ಮೇಲೆ ಬೀಳುವುದು ಕಾನೂನಿನಿಂದಲ್ಲ, ಭೌತಶಾಸ್ತ್ರದಿಂದ. ರೈಲು ಹಳಿಗಳ ಸುರಕ್ಷತೆಯನ್ನು ಜನರಿಗೆ ಕಲಿಸಲೆಂದೇ ಆಪರೇಷನ್ ಲೈಫ್‌ಸೇವರ್ ಎಂಬ ಚಳವಳಿ 1972ರಲ್ಲಿ ಅಮೆರಿಕದ ಐಡಹೊದಲ್ಲಿ ಶುರುವಾಯಿತು. ಕೆನಡಾಕ್ಕೆ 1981ರಲ್ಲಿ ಬಂತು. ಸ್ನೋಮೊಬೈಲ್ ಸವಾರರಿಗೆ ಅದು ಹೇಳುವ ಪಾಠಗಳು ಕೇಳಲು ಸರಳ. ಗುರುತು ಮಾಡಿದ ಕ್ರಾಸಿಂಗ್‌ನಲ್ಲಿ ಮಾತ್ರ ದಾಟಬೇಕು. ಪೂರ್ತಿ ನಿಲ್ಲಬೇಕು. ಎರಡೂ ದಿಕ್ಕು ನೋಡಬೇಕು. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಕಿವಿಗೊಡುವುದು ಇನ್ನೂ ಒಳ್ಳೆಯದು.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 131ನೆಯ ಪ್ರಕರಣ ಬಲ್ಲವರಿಗೆ ಇದು ಹೊಸದೆನಿಸದು. ಕಾವಲಿಲ್ಲದ ಲೆವೆಲ್ ಕ್ರಾಸಿಂಗ್ ಬಂದಾಗ ಚಾಲಕ ವಾಹನ ನಿಲ್ಲಿಸಬೇಕು. ಕಂಡಕ್ಟರನೋ ಕ್ಲೀನರನೋ ಇಳಿದು ಹಳಿಯವರೆಗೆ ನಡೆದು ಎರಡೂ ಕಡೆ ರೈಲು ಇಲ್ಲವೆಂದು ಖಚಿತಪಡಿಸಿಕೊಂಡು ವಾಹನವನ್ನು ದಾಟಿಸಬೇಕು. ಅಂಥವರು ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಶಾಸನ ಬರೆದವರು ವಿವೇಕಿಗಳು. ಪಾಲಿಸಿದವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ರೈಲ್ವೆ ಇಲಾಖೆ ಕೊನೆಗೆ ತನ್ನದೇ ರೀತಿಯಲ್ಲಿ ಉತ್ತರಿಸಿತು. 2019ರ ಆರಂಭದ ವೇಳೆಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಕ್ರಾಸಿಂಗ್‌ಗಳನ್ನೆಲ್ಲ ತೆಗೆದುಹಾಕಿತು. ಮೇಲ್ಸೇತುವೆ, ಕೆಳಸೇತುವೆ, ಗೇಟು, ಎಲ್ಲಕ್ಕೂ ಹಣ ಬೇಕು. ಜನರ ಎಚ್ಚರಿಕೆಯನ್ನೇ ನೆಚ್ಚಿ ಕೂರುವುದಕ್ಕಿಂತ ಅದು ಸರಿಯಾದ ಖರ್ಚು. ಆದರೆ ಕೆನಡಾದ ಕಾಡಿನಲ್ಲಿ ಚಳಿಗಾಲದ ಕೆಲವೇ ತಿಂಗಳು ಬಳಕೆಯಾಗುವ ದಾರಿಗೆಲ್ಲ ಗೇಟು ಕಟ್ಟುವುದು ಯಾವ ಸರ್ಕಾರದಿಂದಲೂ ಆಗದ ಮಾತು. ಅಲ್ಲಿ ಕೆಂಪು ಬಿಳಿ ಬಣ್ಣದ ಗುಣಾಕಾರ ಚಿಹ್ನೆಯ ಒಂದು ಫಲಕ, ಸವಾರನ ಎರಡು ಕಣ್ಣು, ಎರಡು ಕಿವಿ ಇಷ್ಟೇ ವ್ಯವಸ್ಥೆ.

ದಾಟುವ ಕ್ರಮದಲ್ಲಿಯೂ ಯಂತ್ರದ ಗುಣವನ್ನು ತಿಳಿದಿರಬೇಕು. ಮುಂದಿರುವ ಎರಡು ಸ್ಕೀಗಳು ಹಿಮಕ್ಕಾಗಿ ಮಾಡಿದವು, ಉಕ್ಕಿಗಾಗಿ ಅಲ್ಲ. ಓರೆಯಾಗಿ ದಾಟಿದರೆ ಸ್ಕೀ ಹಳಿಯ ಗುಂಟ ಜಾರಿಹೋಗಬಹುದು, ಹಳಿಯ ಪಕ್ಕದ ಸಂದಿನಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ಹಳಿಗೆ ಲಂಬವಾಗಿ, ನಿಧಾನವಾಗಿ, ನಡುವೆ ನಿಲ್ಲದೆ ದಾಟಬೇಕು. ಗಾಡಿ ಸಿಕ್ಕಿಕೊಂಡೇ ಬಿಟ್ಟರೆ ಅದನ್ನು ಬಿಡಿಸಲು ಹೆಣಗಬಾರದು. ಇಳಿದು ಹಳಿಯಿಂದ ದೂರ ಓಡಬೇಕು. ರೈಲು ಬರುತ್ತಿದ್ದರೆ ಅದು ಬರುವ ದಿಕ್ಕಿಗೇ ಓರೆಯಾಗಿ ಓಡಬೇಕು ಎಂಬುದು ಮೊದಲು ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಬಡಿತಕ್ಕೆ ಸಿಕ್ಕ ಗಾಡಿಯ ಚೂರುಗಳು ರೈಲು ಸಾಗುವ ದಿಕ್ಕಿಗೆ ಹಾರುತ್ತವೆ ಎಂಬುದನ್ನು ನೆನೆದರೆ ಅದರ ತರ್ಕ ತಿಳಿಯುತ್ತದೆ. ಜೋಡಿ ಹಳಿ ಇರುವಲ್ಲಿ ಇನ್ನೊಂದು ಅಪಾಯ. ಒಂದು ರೈಲು ಹಾದುಹೋದಾಗ ಎದ್ದ ಹಿಮದ ಧೂಳು ಗಾಳಿಯಲ್ಲಿ ಪರದೆಯಂತೆ ನಿಂತಿರುತ್ತದೆ. ಇನ್ನೊಂದು ಹಳಿಯಲ್ಲಿ ಬರುತ್ತಿರುವ ರೈಲು ಅದರ ಹಿಂದೆ ಕಾಣುವುದಿಲ್ಲ. ಪರದೆ ಇಳಿಯುವ ತನಕ ಕಾಯಬೇಕು.

ಸ್ನೋಮೊಬೈಲ್ ಸವಾರರು ಸಾಮಾನ್ಯವಾಗಿ ಗುಂಪಿನಲ್ಲಿ ಹೋಗುತ್ತಾರೆ. ಮುಂದಿನವನು ದಾಟಿದನೆಂದು ಹಿಂದಿನವನು ನೋಡದೆಯೇ ಹಿಂಬಾಲಿಸುವುದು ಮನುಷ್ಯಸಹಜ. ಆದ್ದರಿಂದ ಒಬ್ಬೊಬ್ಬರಾಗಿಯೇ ದಾಟಬೇಕು. ಪ್ರತಿಯೊಬ್ಬನೂ ತನ್ನ ಸರದಿಯಲ್ಲಿ ತಾನೇ ನಿಂತು, ತಾನೇ ನೋಡಿ, ತಾನೇ ಕೇಳಿಸಿಕೊಳ್ಳಬೇಕು. ಮೊದಲು ದಾಟಿದವನು ಹಳಿಯ ಅಂಚಿನಲ್ಲೇ ನಿಂತುಬಿಟ್ಟರೆ ಹಿಂದಿನ ಗಾಡಿ ಹಳಿಯ ಮೇಲೆಯೇ ನಿಲ್ಲಬೇಕಾಗುತ್ತದೆ. ಹಾಗಾಗಿ ಆತ ಹಿಂದಿನವರಿಗೆಲ್ಲ ಜಾಗ ಉಳಿಯುವಷ್ಟು ದೂರ ಮುಂದೆ ಸಾಗಿ, ಅಲ್ಲಿ ನಿಂತು, ಕೊನೆಯ ಗಾಡಿ ದಾಟಿ ಬರುವವರೆಗೂ ಕಾಯಬೇಕು.